ಗುತ್ಯಮ್ಮನ ಎಡಗಡೆ ಮೂಗು

ಗುತ್ಯಮ್ಮನ ಮೂಗು ಕಟ್ಟಿದ ದಿನ ಅದು ಮೊದಲು ಗೊತ್ತಾಗುತ್ತಿದ್ದುದು ನೆರೆಮನೆಯವರಿಗೆ. ಅವತ್ತು ಆ ಮನೆಯಿಂದ ಮಾತೇ ಕೇಳುತ್ತಿರಲಿಲ್ಲ. ಮಾತಿಗೆ ನಿಂತಳೆಂದರೆ ಒಲೆಯ ಮೇಲಿನ ಸಾರು ತಳ ಹಿಡಿದರೂ ಪರಿವೆಯಿಲ್ಲದ ಹೆಂಗಸು ಆಕೆ. ತಾಳಗುಂದದಲ್ಲಿ ಯಾರ ಮನೆಗೆ ಯಾವ ಊರಿನ ಸೊಸೆ ಬಂದಳು, ಯಾರ ಎಮ್ಮೆ ಈ ಸಲವೂ ಗಬ್ಬ ನಿಲ್ಲಲಿಲ್ಲ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಅಂಥವಳು ಎಡಗೆನ್ನೆಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿ ಕೂತರೆ ನೋಡಿದವರಿಗೇ ಕಸಿವಿಸಿಯಾಗುತ್ತಿತ್ತು.

ಅವಳು ಹುಟ್ಟಿದ್ದು ಸೊರಬದ ಕಡೆ, ಜಡೆ ಎಂಬ ಊರಲ್ಲಿ. ಚಂದ್ರಗುತ್ತಿ ಅಮ್ಮನಿಗೆ ಹರಕೆ ಹೊತ್ತು ಹುಟ್ಟಿದವಳೆಂದು ಆ ಹೆಸರು. ನಾಟಿ ಕೆಲಸ ಗೊತ್ತಿತ್ತೇ ಹೊರತು ಕುರಿ ಅವಳಿಗೆ ಗೊತ್ತಿರಲಿಲ್ಲ. ತಾಳಗುಂದದ ಚೌಡಪ್ಪನನ್ನು ಮದುವೆಯಾಗಿ ಬಂದ ಹೊಸದರಲ್ಲಿ ಕುರಿಹಿಕ್ಕೆ ತುಳಿದು ಅಂಗಳದಲ್ಲಿ ಕುಣಿದಾಡಿದ್ದಳಂತೆ. ಅತ್ತೆ ಅದನ್ನು ಸಾಯುವ ತನಕ ಹೇಳಿ ನಗುತ್ತಿದ್ದಳು. ಆದರೆ ವರ್ಷ ತಿರುಗುವುದರೊಳಗೆ ಹಟ್ಟಿಗೆ ಅವಳೇ ಯಜಮಾನಿ. ತಾಯಿ ಒದ್ದು ದೂರ ಮಾಡಿದ ಮರಿಗೆ ಹಾಲು ಕುಡಿಸುವುದು, ಎಳೆ ಮರಿಗಳ ಮೇಲೆ ಬುಟ್ಟಿ ಕವುಚಿ ಬೆಚ್ಚಗಿಡುವುದು ಅವಳ ಕೆಲಸ. ಮೇಯಿಸುವುದು ಚೌಡಪ್ಪನದು. ಸುಗ್ಗಿ ಮುಗಿದ ಮೇಲೆ ಹೊಲದವರು ಬಂದು ಕರೆಯುತ್ತಿದ್ದರು, ನಮ್ಮ ಹೊಲದಲ್ಲಿ ನಾಲ್ಕು ದಿನ ಕುರಿ ನಿಲ್ಲಿಸಪ್ಪ, ಗೊಬ್ಬರವಾಗಲಿ ಅಂತ. ಆಗ ಕಂಬಳಿ ಹೆಗಲಿಗೇರಿಸಿ ಮಂದೆಯ ಹಿಂದೆ ಹೊರಟನೆಂದರೆ ಸೊರಬದ ಗದ್ದೆಗಳ ತನಕ ಹೋಗಿ ಬರುತ್ತಿದ್ದ. ಅವನ ಅಪ್ಪ ಮಾಡಿದ್ದೂ ಅದೇ, ಅಜ್ಜ ಮಾಡಿದ್ದೂ ಅದೇ. ಬೇರೆ ಬದುಕು ಬೇಕು ಅಂತ ಅವನಿಗೆ ಒಂದು ದಿನವೂ ಅನ್ನಿಸಿದ್ದಿಲ್ಲ.

ಮನುಷ್ಯರ ಹತ್ತಿರ ಅವನ ಮಾತು ಬಹಳ ಕಮ್ಮಿ. ಇರುವ ಮಾತೆಲ್ಲ ಕುರಿಗಳಿಗೆ. "ನಾನೂ ಬ್ಯಾ ಅಂದ್ರೆ ನನ್ನೂ ಮಾತಾಡ್ಸತೀರೇನೋ" ಎಂದು ಗುತ್ಯಮ್ಮ ಛೇಡಿಸಿದರೆ ಮೀಸೆಯೊಳಗೇ ನಕ್ಕು ಎದ್ದು ಹೋಗುತ್ತಿದ್ದ.

ಮೂಗಿನ ವಿಷಯಕ್ಕೆ ಬರುವ ಮುಂಚೆ ಹಲ್ಲಿನದೊಂದು ಹೇಳಿಬಿಡಬೇಕು. ಗುತ್ಯಮ್ಮ ಅದನ್ನು ಹೇಳಬೇಕಾದವರಿಗೆ ಹೇಳಲಿಲ್ಲ, ಓದುವವರಾದರೂ ತಿಳಿದುಕೊಂಡಿರಲಿ.

ಒಂದು ವರ್ಷ ಬಿತ್ತನೆಯ ಹೊತ್ತಿಗೆ ಅವಳಿಗೆ ಎಡಗಡೆಯ ಮೇಲಿನ ದವಡೆಹಲ್ಲು ಹಿಡಿದುಕೊಂಡಿತು. ಅಂಥಿಂಥ ನೋವಲ್ಲ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಹಾಗೆ. ಚೌಡಪ್ಪ ಅವಳನ್ನು ಈಸೂರಿನ ಕಡೆಯ ಕೆಂಪಪ್ಪನ ಹತ್ತಿರ ಕರೆದುಕೊಂಡು ಹೋದ. ಕೆಂಪಪ್ಪ ಹಲ್ಲಿನ ಹುಳ ತೆಗೆಯುವ ಮುದುಕ. ಕಬ್ಬಿಣದ ಸೌಟನ್ನು ಕೆಂಪಗೆ ಕಾಯಿಸಿ, ಅದರ ಮೇಲೆ ಎಣ್ಣೆ ಸವರಿದ ಗುಳ್ಳಬದನೆಯ ಬೀಜ ಉದುರಿಸಿ, ಎದ್ದ ಹೊಗೆಯನ್ನು ಪರಂಗಿ ದಂಟಿನ ಕೊಳವೆಯಲ್ಲಿ ಹಲ್ಲಿಗೆ ಹಿಡಿಸಿದ. ಕೆಳಗೆ ನೀರಿನ ಬಟ್ಟಲು. ಜೊಲ್ಲು ಸುರಿದು ಮುಗಿದ ಮೇಲೆ ಬಟ್ಟಲಲ್ಲಿ ಬೆಳ್ಳಗೆ ಎಳೆಎಳೆಯಾಗಿ ಏನೋ ತೇಲುತ್ತಿತ್ತು. "ನೋಡವ್ವ, ಎಷ್ಟು ಹುಳ ಇದ್ವು" ಅಂದ. ಅವು ಹುಳವೆಲ್ಲಿಯವು, ಬೀಜ ಸಿಡಿದು ಒಳಗಿನ ಮೊಳಕೆ ಉದುರಿದ್ದು. ಹಾಗಂತ ಕೆಂಪಪ್ಪ ಮೋಸಗಾರನಲ್ಲ. ಅವನೂ ಅದನ್ನು ಹುಳವೆಂದೇ ನಂಬಿದವನು, ತಾಂಬೂಲ ಬಿಟ್ಟು ಬೇರೇನನ್ನೂ ಮುಟ್ಟದವನು.

ಕೆಲವೇ ದಿನಗಳಲ್ಲಿ ನೋವು ಪೂರ್ತಿ ನಿಂತಿತು. ಗುತ್ಯಮ್ಮ ಕೆಂಪಪ್ಪನ ಕೈಗುಣವನ್ನು ಊರೆಲ್ಲ ಹೊಗಳಿಕೊಂಡು ಬಂದಳು. ನಿಜ ಏನೆಂದರೆ ಹಲ್ಲು ಸತ್ತಿತ್ತು. ಸತ್ತ ಹಲ್ಲು ನೋಯುವುದಿಲ್ಲ, ಆದರೆ ಬೇರಿನಲ್ಲಿ ಕೊಳೆಯುವುದನ್ನು ಬಿಡುವುದಿಲ್ಲ. ಇದು ಅವಳಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅವಳ ಲೆಕ್ಕದಲ್ಲಿ ಹುಳ ಹೋಯಿತು, ಹಲ್ಲಿನ ಕಥೆ ಮುಗಿಯಿತು.

ಮುಂದಿನ ಮಳೆಗಾಲದಲ್ಲಿ ಎಡಗಡೆ ಮೂಗು ಕಟ್ಟಿತು. ನೆಗಡಿ ಅಂದುಕೊಂಡಳು. ನೆಗಡಿ ಬಂದರೆ ಹೋಗಬೇಕಲ್ಲ, ಇದು ಹೋಗಲಿಲ್ಲ. ಮೆಡಿಕಲ್ ಶಾಪಿನ ಗುಳಿಗೆ ನುಂಗುವಷ್ಟು ದಿನ ಸುಮ್ಮನಿದ್ದು, ಗುಳಿಗೆ ಮುಗಿದ ಮೇಲೆ ಮತ್ತೆ ಶುರು. ಕಳೆ ಕೀಳಲು ಬಗ್ಗಿದರೆ ಎಡಗಣ್ಣಿನ ಕೆಳಗೆ ಕಲ್ಲು ಇಟ್ಟಷ್ಟು ಭಾರ. ಮೂಗು ಕಟ್ಟಿದವರ ಮುಂದೆ ಊರಿಗೆ ಊರೇ ಪಂಡಿತರಾಗಿಬಿಡುತ್ತದೆ. ತಲೆಗೆ ನೀರು ಹಾಕಿಕೊಂಡು ಒಣಗಿಸಿಕೊಳ್ಳುವುದಿಲ್ಲ ನೀನು, ಅಂದರು. ಮೊಸರು ಬಿಡು ಅಂದರು, ಬಿಟ್ಟಳು. ಬಾಳೆಹಣ್ಣು, ಸೌತೆಕಾಯಿ ಬಿಟ್ಟಳು. ಸೊಸೆ ಸಂಗೀತ ನೀಲಗಿರಿ ಎಣ್ಣೆ ಹಾಕಿ ಹಬೆ ಕೊಟ್ಟಳು. ಮಗ ಗಿರೀಶ ತನ್ನ ಮೆಕ್ಕೆಜೋಳದ ಮಷೀನನ್ನು ಅಂಗಳದಿಂದ ಒಯ್ದು ಊರ ಹೊರಗೆ ನಿಲ್ಲಿಸಿದ, ಅದರ ಧೂಳೇ ಇರಬಹುದು ಅಂತ. ಪಾಪ, ಯಾರೂ ಕೈಕಟ್ಟಿ ಕೂತವರಲ್ಲ.

ಆಮೇಲೆ ವಾಸನೆ ಶುರುವಾಯಿತು.

"ರೀ, ಹಟ್ಟಿಯಾಗೆ ಏನೋ ಸತ್ತೈತಿ ನೋಡ್ರಿ. ನಾರ್ತೈತಿ" ಎಂದಳು ಗುತ್ಯಮ್ಮ ಒಂದು ಬೆಳಿಗ್ಗೆ.

ಚೌಡಪ್ಪ ಮೂಲೆಮೂಲೆ ಹುಡುಕಿದ. ಇಲಿಯೂ ಸತ್ತಿರಲಿಲ್ಲ, ಹೆಗ್ಗಣವೂ ಸತ್ತಿರಲಿಲ್ಲ. ಹಿಕ್ಕೆಯನ್ನೆಲ್ಲ ಬಳಿದು ಸುಣ್ಣ ಎರಚಿದ, ಬೇವಿನ ಸೊಪ್ಪಿನ ಹೊಗೆ ಹಾಕಿದ. ಮಾರನೆಯ ದಿನ ಅವಳು ಮತ್ತೆ ಅದನ್ನೇ ಹೇಳಿದಳು. ಬೇರೆ ಯಾರಿಗೂ ಆ ವಾಸನೆ ಬಡಿಯುತ್ತಿರಲಿಲ್ಲ. ಅದು ಅವಳ ಮೂಗಿನೊಳಗೇ ಹುಟ್ಟುತ್ತಿದೆ ಎಂದು ಯಾರಿಗೆ ಹೊಳೆಯಬೇಕು. ಇಷ್ಟು ವರ್ಷ ಕುರಿ ಜೊತೆ ಬಾಳಿದ ಹೆಂಗಸಿಗೆ ಈಗ ಹಟ್ಟಿ ನಾರುತ್ತಿದೆ ಅಂದರೆ ಹಟ್ಟಿಯಲ್ಲೇ ಏನೋ ಇರಬೇಕು ಎಂದು ಎಲ್ಲರ ಮನಸ್ಸಿನಲ್ಲೂ ಬಂತು. ಚೌಡಪ್ಪ ದಿನಾ ಹಟ್ಟಿ ತೊಳೆಯತೊಡಗಿದ. ಅವನು ತೊಳೆದಷ್ಟೂ ಗುತ್ಯಮ್ಮನಿಗೆ ಸಂಕಟ.

ಸಂಗೀತ ಅವಳನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಶಿಕಾರಿಪುರಕ್ಕೆ ಹೋದಳು. ಅಲ್ಲಿನ ಡಾಕ್ಟರ ಮುಂದೆ ಉದ್ದದ ಸಾಲು. ಅವರು ಮೂಗಿಗೆ ಬ್ಯಾಟರಿ ಬಿಟ್ಟು ನೋಡಿ ಕೇಳಿದರು.

"ಮನೇಲಿ ದನಕರ ಏನಾದ್ರೂ ಅದಾವೇನಮ್ಮ?"

"ಕುರಿ ಅದಾವ್ರಿ. ಹಟ್ಟಿ ಮನೆಗೆ ಅಂಟ್ಕೊಂಡೇ ಐತಿ."

"ಹಂಗಾದ್ರೆ ಕುರಿ ಕೂದ್ಲು, ಧೂಳು. ಅಲರ್ಜಿ ಇರ್ಬೇಕು. ಆದಷ್ಟು ದೂರ ಇರ್ರಿ."

ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಬರೆದುಕೊಟ್ಟರು. ಹಲ್ಲಿನ ಮಾತು ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಮೂಗು ತೋರಿಸಲು ಬಂದವಳು ಎಂದೋ ವಾಸಿಯಾದ ಹಲ್ಲಿನ ಮಾತು ಯಾಕೆ ಆಡಬೇಕು. ದಾರಿಯಲ್ಲಿ ಸಂಗೀತ ಫೋನಿನಲ್ಲಿ ಹುಡುಕಿ, "ಹೌದತ್ತೆ, ಇಲ್ಲೂ ಕುರಿ ಉಣ್ಣೆಯಿಂದ ಆಗ್ತೈತಿ ಅಂತಾನೇ ಬರ್ದಾರೆ" ಎಂದಳು.

ಗುತ್ಯಮ್ಮ ಹಟ್ಟಿಗೆ ಹೋಗುವುದನ್ನು ಬಿಟ್ಟಳು. ಹಾಲು ಬೇಕೆಂದು ಮರಿ ಅರಚಿದರೆ ಒಳಗೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ಆ ವರ್ಷ ಚೌಡಪ್ಪ ಇವಳನ್ನು ಬಿಟ್ಟು ಹೋಗಲು ಮನಸ್ಸಾಗದೆ ಮಂದೆಯನ್ನು ಹೊರಗೂ ಒಯ್ಯಲಿಲ್ಲ. ಇಷ್ಟಾದರೂ ಮೂಗು ಬಿಡಲಿಲ್ಲ. ಒಮ್ಮೆ ಜ್ವರ ಬಂದು ಎಡಗೆನ್ನೆ ಊದಿ, ಬಾಯಿಯಲ್ಲಿ ಉಸಿರಾಡುತ್ತ ಮಲಗಿದ್ದಾಗ ಚೌಡಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿದ್ದ.

"ಕುರಿ ಕೊಟ್ಬಿಡ್ತೀನಿ" ಎಂದ.

"ಹುಚ್ಚು ಹಿಡೀತೇನ್ರಿ ನಿಮಗೆ? ಕುರಿ ಕೊಟ್ಟು ನೀವೇನು ಮಾಡ್ತೀರಿ?"

"ನಿನ್ ಉಸ್ರಿಗಿಂತ ಹೆಚ್ಚೇನಲ್ಲ ಕುರಿ."

ಅವಳು ಬೇಡವೆಂದಳು, ಅತ್ತಳು, ಸಿಟ್ಟು ಮಾಡಿದಳು. ಗಿರೀಶನೂ ಅಪ್ಪನ ಕಡೆಗೇ ನಿಂತ. ಮಾತು ಕಮ್ಮಿಯಿರುವವರ ಹಟ ಮುರಿಯುವುದು ಕಷ್ಟ, ಅವರ ಜೊತೆ ವಾದ ಮಾಡಲು ಹಿಡಿಯೇ ಸಿಗುವುದಿಲ್ಲ. ಜ್ವರ ಬಿಟ್ಟ ಮೇಲೆ ಚೌಡಪ್ಪ ಅವಳ ಬಟ್ಟೆಯನ್ನು ಚೀಲಕ್ಕೆ ತುಂಬಿ, "ಜಡೆಗೆ ಹೋಗಿ ನಾಕ್ ದಿನ ಇದ್ದು ಬಾ" ಎಂದು ಬಸ್ಸು ಹತ್ತಿಸಿದ. ಕುರಿ ಹೋಗುವುದನ್ನು ಅವಳು ನೋಡುವುದು ಬೇಡ ಅಂತ ಹಾಗೆ ಮಾಡಿದ್ದು. ಅವಳಿಗೂ ಅದು ತಿಳಿದಿತ್ತು.

ಜಡೆಯಲ್ಲಿ ಅಣ್ಣನ ಮನೆ. ಅಲ್ಲಿ ಕುರಿಯಿಲ್ಲ, ಹಟ್ಟಿಯಿಲ್ಲ, ಸುತ್ತ ಹಸಿರು ಗದ್ದೆ. ಹೋದ ಮರುದಿನ ಅಂಗಳದಲ್ಲಿ ಕೂತಿದ್ದಾಗ ಗುತ್ಯಮ್ಮನಿಗೆ ಅದೇ ವಾಸನೆ ಬಡಿಯಿತು. ಅದೇ ಕೊಳೆತ ವಾಸನೆ, ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲ.

"ಅತ್ತಿಗೆ, ಇಲ್ಲಿ ಏನೋ ನಾರ್ತೈತಲ್ಲ" ಎಂದಳು.

ಅತ್ತಿಗೆ ನಿರ್ಮಲಮ್ಮ ಗಾಳಿಗೆ ಮೂಗೊಡ್ಡಿ ನೋಡಿದಳು. "ಎಂತ ವಾಸನೆ ಮಾರಾಯ್ತಿ, ಎಂತದೂ ಇಲ್ಲ ಇಲ್ಲಿ."

ಸೀರೆಗೆ ಅಂಟಿಕೊಂಡು ಬಂದಿರಬೇಕು ಅಂದುಕೊಂಡಳು ಗುತ್ಯಮ್ಮ. ಬಿಸಿನೀರಲ್ಲಿ ತಲೆಗೆ ಹಾಕಿಕೊಂಡಳು. ತಂದ ಬಟ್ಟೆಯನ್ನೆಲ್ಲ ನೆನೆಹಾಕಿ ನಿರ್ಮಲಮ್ಮನ ಸೀರೆ ಉಟ್ಟಳು. ಉಟ್ಟು ಬಂದು ಅಂಗಳದಲ್ಲಿ ಕೂತಳು. ವಾಸನೆ ಅಲ್ಲೇ ಇತ್ತು. ಆಗ ಅವಳಿಗೆ ಹೊಳೆಯಿತು. ಇದು ಕುರಿಯದಲ್ಲ. ಏನೆಂದು ಗೊತ್ತಿಲ್ಲ, ಆದರೆ ಕುರಿಯದಂತೂ ಅಲ್ಲ. ಒದ್ದೆ ತಲೆಯಲ್ಲೇ ಒಳಗೆ ಓಡಿ ಫೋನು ಹುಡುಕಿ ಗಂಡನಿಗೆ ಮಾಡಿದಳು. ಅವನು ಎತ್ತಿದ ಕೂಡಲೇ ಕೇಳಿದಳು.

"ಏನ್ ಮಾಡ್ತಿದೀರಿ?"

"ಏನಿಲ್ಲ. ಹಟ್ಟಿ ಗುಡಿಸ್ದೆ. ಲಾರಿ ಹೋತು" ಎಂದ ಚೌಡಪ್ಪ. ಸ್ವಲ್ಪ ತಡೆದು ಕೇಳಿದ, "ಅಲ್ಲಿ ಹೆಂಗೈತಿ? ಉಸ್ರು ಆಡ್ತೈತಾ?"

ಆ ಧ್ವನಿಯಲ್ಲಿ ಎಷ್ಟು ಆಸೆ ಇತ್ತೆಂದರೆ ಅವಳಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಹೋದದ್ದು ಹೋಯಿತು. ಈಗ ಬಾಯಿಬಿಟ್ಟು ಅವನ ಹೊಟ್ಟೆ ಉರಿಸಿ ಏನು ಸಿಗುತ್ತದೆ.

"ಆಡ್ತೈತಿ ರೀ. ವಾಸಿ ಐತಿ" ಎಂದಳು.

ಅಲ್ಲಿಂದ ಶುರುವಾಯಿತು ನೋಡಿ ಅವಳ ನಿಜವಾದ ನರಕ. ಅದಕ್ಕೆ ಮುಂಚೆ ಮೂಗು ಕಟ್ಟಿದರೆ ಕಟ್ಟಿದೆ ಎನ್ನಬಹುದಿತ್ತು, ನರಳಬಹುದಿತ್ತು. ಈಗ ಅದೂ ಇಲ್ಲ. ಚೌಡಪ್ಪ ದಿನಾ ಬೆಳಿಗ್ಗೆ ಎದ್ದವನೇ ಕೇಳುವ ಮೊದಲ ಮಾತು, "ಹೆಂಗೈತಿ?" ಅವಳು ದಿನಾ ಹೇಳುವ ಮಾತು, "ವಾಸಿ ರೀ." ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮೂಗು ಸೀಟುತ್ತಿದ್ದಳು. ಸ್ಪ್ರೇಯನ್ನು ಅಕ್ಕಿಡಬ್ಬಿಯ ಹಿಂದೆ ಇಟ್ಟಿದ್ದಳು. ಊಟಕ್ಕೆ ರುಚಿಯಿಲ್ಲ, ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದುದು ಆ ಒಂದು ಕೊಳೆತ ವಾಸನೆ ಮಾತ್ರ. ಆಸ್ಪತ್ರೆಗೆ ಹೋಗೋಣವೆಂದರೆ ಹೇಗೆ ಹೋಗುತ್ತಾಳೆ, ವಾಸಿಯಾಗಿದೆ ಎಂದವಳು.

ಇನ್ನು ಚೌಡಪ್ಪ. ಗಿರೀಶ ಅವನಿಗೆ ಮೆಕ್ಕೆಜೋಳದ ಗೋದಾಮಿನಲ್ಲಿ ಕಾವಲು ಕೆಲಸ ಹಚ್ಚಿಕೊಟ್ಟ. ಬಯಲಲ್ಲಿ ನಡೆದ ಕಾಲು, ಈಗ ಮೂಟೆಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಬೇರೆಯವರ ಮಂದೆ ರಸ್ತೆಯಲ್ಲಿ ಹೋದರೆ ಮುಖ ಆ ಕಡೆ ತಿರುಗಿಸಿಬಿಡುತ್ತಿದ್ದ. ಕುರಿ ಹೋದ ಮೇಲೆ ಅವನಿಗೆ ಮಾತಾಡಲು ಯಾರೂ ಉಳಿಯಲಿಲ್ಲ. ಒಳಗೊಳಗೇ ಒಣಗುತ್ತ ಬಂದ. ಆದರೂ ಗುತ್ಯಮ್ಮ ಸಪ್ಪಗೆ ಕೂತಿದ್ದು ಕಂಡರೆ ಅವನೇ ಸಮಾಧಾನ ಹೇಳುವನು. "ನಿನಗ ವಾಸಿ ಆತಲ್ಲ, ಅಷ್ಟು ಸಾಕು ಬಿಡು." ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಮುಚ್ಚಿಟ್ಟಿದ್ದು ಸಂಗೀತಳ ಕಣ್ಣಿಗೆ ಬಿತ್ತು. ಒಂದು ದಿನ ಅತ್ತೆ ಬಚ್ಚಲಲ್ಲಿ ಕೂತು ಕೆನ್ನೆ ಹಿಡಿದುಕೊಂಡು ಅಳುತ್ತಿದ್ದಳು, ಕೈಯಲ್ಲಿದ್ದ ಬಟ್ಟೆಯಲ್ಲಿ ಹಳದಿ ಕೀವು. ಸಂಗೀತ ಹೆಚ್ಚು ಕೇಳಲಿಲ್ಲ. ಕಣ್ಣಿನ ಪರೀಕ್ಷೆಗೆ ಅಂತ ಮಾವನಿಗೆ ಹೇಳಿ ಅತ್ತೆಯನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು.

ಅಲ್ಲಿನ ಮೂಗಿನ ಡಾಕ್ಟರು ಹೆಣ್ಣುಮಗಳು. ಎಲ್ಲ ಕೇಳಿ, "ಯಾವಾಗ್ಲೂ ಎಡಗಡೆ ಮಾತ್ರನಾ? ಬಲಗಡೆ ಒಂದ್ಸಲನೂ ಇಲ್ವಾ?" ಎಂದರು. ಇಲ್ಲವೆಂದಳು ಗುತ್ಯಮ್ಮ. "ಅಲರ್ಜಿ ಆಗಿದ್ರೆ ಎರಡೂ ಕಡೆ ಆಗ್ಬೇಕಿತ್ತಲ್ಲಮ್ಮ" ಎಂದು ಸ್ಕ್ಯಾನ್ ಮಾಡಿಸಲು ಕಳಿಸಿದರು. ಸ್ಕ್ಯಾನಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿ ಬೆರಳಿಟ್ಟರು. ಕೆನ್ನೆಯ ಎಲುಬಿನೊಳಗೆ ಗಾಳಿ ಆಡುವ ಗೂಡು ಇರುತ್ತದೆ. ಬಲಗಡೆಯದು ಕಪ್ಪಗೆ ಖಾಲಿಯಿದೆ, ಎಡಗಡೆಯದು ತುಂಬಿಕೊಂಡಿದೆ. ಅದರ ನೆಲಕ್ಕೇ ಮೇಲಿನ ದವಡೆಹಲ್ಲಿನ ಬೇರು ತಾಗಿಕೊಂಡಿರುತ್ತದೆ. ಅಲ್ಲಿ ಎಲುಬು ಬಹಳ ತೆಳು, ಹಲ್ಲಿನ ಕೀವು ಅದನ್ನು ತಿಂದು ಮೇಲೆ ಹತ್ತಿದೆ.

"ಈ ಹಲ್ಲು ಯಾವಾಗಾದ್ರೂ ನೋಯ್ತಿತ್ತಾ?"

ಗುತ್ಯಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನಿಧಾನವಾಗಿ ಸೌಟು, ಹೊಗೆ, ಬಟ್ಟಲಿನ ಹುಳ ಎಲ್ಲ ಹೇಳಿದಳು. "ನೋವು ನಿಂತು ವರ್ಷಗಟ್ಲೆ ಆತು ತಾಯಿ. ಆ ಹಲ್ಲು ಚೆನ್ನಾಗೈತಿ."

"ಚೆನ್ನಾಗಿಲ್ಲಮ್ಮ. ಸತ್ತಿದೆ, ಅದಕ್ಕೆ ನೋವು ನಿಂತಿದ್ದು. ಇಷ್ಟು ದಿನ ನಿಮಗೆ ವಾಸನೆ ಬರ್ತಿದ್ದಿದ್ದು ಇದರದ್ದೇ." ಡಾಕ್ಟರು ಬೈಯಲಿಲ್ಲ, ನಗಲಿಲ್ಲ. ಹಲ್ಲು ಕೀಳಿಸಿ ಒಂದಷ್ಟು ದಿನ ಮಾತ್ರೆ ತಗೊಂಡರೆ ಬಹುಪಾಲು ಹೋಗುತ್ತದೆ, ಉಳಿದರೆ ನೋಡೋಣ ಎಂದರು.

"ಕುರಿದೇನೂ ಇಲ್ವಾ ತಾಯಿ?" ಎಂದು ಕೇಳಿದಳು ಗುತ್ಯಮ್ಮ.

"ಯಾವ ಕುರಿ?" ಎಂದರು ಡಾಕ್ಟರು.

ಹಲ್ಲಿನ ಡಾಕ್ಟರಿಗೆ ಅದನ್ನು ಕೀಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಸಂಗೀತ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತಳು. "ಫೋನ್ ನೋಡಿ ಕುರಿ ಕುರಿ ಅಂದೋಳು ನಾನೇ ಅತ್ತೆ" ಎಂದಳು. ಬಾಯಿಗೆ ಹತ್ತಿ ಇಟ್ಟಿದ್ದರಿಂದ ಗುತ್ಯಮ್ಮ ಮಾತಾಡುವಂತಿರಲಿಲ್ಲ. ಸೊಸೆಯ ತಲೆಯನ್ನು ಹೆಗಲಿಗೆ ಎಳೆದುಕೊಂಡಳು. ಶಿಕಾರಿಪುರ ಹತ್ತಿರ ಬಂದಾಗ ಸಂಗೀತ ಕಣ್ಣೊರೆಸಿಕೊಂಡು, "ಮಾವಗೆ ಹೇಳಾದು ಬ್ಯಾಡ. ಹಲ್ಲು ನೋಯ್ತಿತ್ತು, ಕೀಳ್ಸಿದ್ವಿ ಅಂದ್ರಾತು" ಎಂದಳು. ಗುತ್ಯಮ್ಮ ತಲೆಯಾಡಿಸಿದಳು.

ವಾರ ಕಳೆಯುವುದರೊಳಗೆ ಕೆನ್ನೆ ಹಗುರವಾಯಿತು. ಇನ್ನೊಂದಿಷ್ಟು ದಿನಕ್ಕೆ ಕೊಳೆತ ವಾಸನೆ ಹೋಯಿತು. ಒಂದು ಸಂಜೆ ಬೆಳ್ಳುಳ್ಳಿ ಒಗ್ಗರಣೆಯ ಘಮ ಮೂಗಿಗೆ ಬಂದಾಗ ಅವಳು ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ಆ ಹೊತ್ತಿಗೆ ಸರಿಯಾಗಿ ಗೋದಾಮಿನಿಂದ ಬಂದ ಚೌಡಪ್ಪ ಅವಳ ಮುಖ ನೋಡಿದ. ಬಣ್ಣ ಬಂದಿತ್ತು, ಕಣ್ಣಿನ ಕೆಳಗಿನ ಊತ ಇಳಿದಿತ್ತು. ಎಷ್ಟೋ ದಿನದ ಮೇಲೆ ಅವನು ಬಾಯಿತುಂಬ ನಕ್ಕ.

"ಈಗ ನೋಡು, ಪೂರ್ತಿ ವಾಸಿ ಆತು. ಕುರಿ ಕೊಟ್ಟಿದ್ದು ಸಾರ್ಥಕ ಆತು ಬಿಡು" ಎಂದ.

ಅದೊಂದನ್ನು ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ. ಬೈದಿದ್ದರೆ ನುಂಗಿಕೊಳ್ಳುತ್ತಿದ್ದಳು. ನಕ್ಕದ್ದನ್ನು ನುಂಗಲಾಗಲಿಲ್ಲ.

"ಕುರಿದಲ್ಲ ರೀ" ಎಂದಳು. "ಹಲ್ಲಿಂದು. ಆ ಹಲ್ಲು ಒಳಗೇ ಕೊಳ್ತಿತ್ತಂತೆ. ಕುರಿ ಕೊಟ್ಟ ಮ್ಯಾಲೂ ವಾಸಿ ಆಗಿರ್ಲಿಲ್ಲ. ಜಡೆಯಾಗೆ ಇದ್ದಾಗ್ಲೂ ಆಗಿರ್ಲಿಲ್ಲ. ನಾನು ಸುಳ್ಳು ಹೇಳ್ದೆ."

ಚೌಡಪ್ಪ ನಿಂತಲ್ಲೇ ನಿಂತ. ಆಮೇಲೆ ಹೊಸ್ತಿಲ ಮೇಲೆ ಕೂತ.

"ಕುರಿದೇನೂ ಇಲ್ವಾ?"

"ಏನೂ ಇಲ್ಲ."

ಅವನು ಕೂಗಾಡಲಿ, ಹೊಡೆದರೂ ಹೊಡೆಯಲಿ ಎಂದು ಅವಳು ಕಾದಳು. ಅವನು ಅವಳ ಕಡೆ ನೋಡಲೇ ಇಲ್ಲ. ಟವೆಲನ್ನು ಮಂಡಿಯ ಮೇಲೆ ಹಾಕಿ ನೀವುತ್ತ ಕೂತಿದ್ದ. ಮಾತಾಡಿದಾಗ ಧ್ವನಿ ತಣ್ಣಗಿತ್ತು.

"ಅವತ್ತು ನೀನು ಇರ್ಲಿಲ್ಲ. ಲಾರಿ ಹತ್ತವಲ್ವು ಅವು. ಹಲಗೆ ಇಟ್ಟು ಎಷ್ಟು ತಳ್ಳಿದ್ರೂ ತಿರುಗಿ ನನ್ನ ಕಾಲತ್ರನೇ ಬರ್ತಿದ್ವು. ನನಗ ಕರುಳು ಕಿತ್ತು ಬರಂಗಾತು. ಹಿಂಗಾದ್ರೆ ಕೊಡಾಕಾಗಲ್ಲ ಅಂತ ಸಿಟ್ಟು ತಂದ್ಕೊಂಡೆ. ನನ್ ಹೆಂಡ್ತಿ ಉಸ್ರು ತಿಂದೋವು ನೀವು ಅಂತ ಬಾಯಿಗೆ ಬಂದಂಗೆ ಬೈದು, ಕೋಲಲ್ಲಿ ಬಡ್ದು ಹತ್ತಿಸ್ದೆ. ಜಲ್ಮದಾಗ ಅವುನ್ನ ಹೊಡ್ದೋನಲ್ಲ ನಾನು."

ಗುತ್ಯಮ್ಮ ಒಲೆ ಆರಿಸಿ ಬಂದು ಅವನ ಪಕ್ಕ ಕೂತಳು.

"ತಪ್ಪಾತು ಅನ್ನಾಕೆ ಒಂದೂ ಉಳಿದಿಲ್ಲ" ಎಂದ ಚೌಡಪ್ಪ. ಟವೆಲಿಗೆ ಮುಖ ಒತ್ತಿಕೊಂಡು ಬಿಕ್ಕಿದ.

ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು. ಅವಳ ಮೂಗಿನ ಎರಡೂ ಹೊಳ್ಳೆಗಳಲ್ಲಿ ಉಸಿರು ಸರಾಗವಾಗಿ ಆಡುತ್ತಿತ್ತು. ಅದಕ್ಕೇ ಅವಳಿಗೆ ನಾಚಿಕೆಯಾಯಿತು.